ಸಮುದ್ರವಿಲ್ಲದ ದೇಶದ ನಾಲ್ಕು ಗೋಲು

ವೇದಿಕೆಯ ಮೇಲೆ ನಿಂತು ನಾನು ಹೇಳಿದ ಸುಳ್ಳುಗಳಿಗೆಲ್ಲ ಬಹುಮಾನ ಬಂದಿದೆ. ಒಂದೇ ಒಂದು ಸಲ ನಿಜ ಹೇಳಿದೆ, ಕ್ಷಮಾಪಣೆ ಬರೆದುಕೊಡು ಅಂದರು. ಬರೆದುಕೊಡಲಿಲ್ಲ. ಎಂಟು ವರ್ಷದ ಮೇಲೆ ಈಗ ಬರೆಯುತ್ತಿರುವುದು ಆ ಕ್ಷಮಾಪಣೆಯಲ್ಲ. ಹಾಗಂತ ತಿಳಿದು ಓದಲು ಕೂತವರು ಇಲ್ಲಿಗೇ ನಿಲ್ಲಿಸಬಹುದು.

ಆಗ ನಾನು ತುಮಕೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ಓದುತ್ತಿದ್ದೆ. ಐವತ್ತಾರನೇ ಇಸವಿ. ನವೆಂಬರಿನಲ್ಲಿ ನಮ್ಮ ಮೈಸೂರು ರಾಜ್ಯ ಇದ್ದಕ್ಕಿದ್ದಂತೆ ದೊಡ್ಡದಾಗಿತ್ತು. ಅದರ ಜೊತೆಗೇ ಎಲ್ಲರ ಬಾಯಿಯೂ ದೊಡ್ಡದಾಗಿತ್ತು ಅಂತ ಕಾಣುತ್ತದೆ, ಎಲ್ಲಿ ನೋಡಿದರೂ ಚರ್ಚಾಸ್ಪರ್ಧೆ. ವಿಷಯವನ್ನು ಒಂದು ವಾರ ಮೊದಲು ಕೊಡುತ್ತಿದ್ದರು. ಪರವೋ ವಿರೋಧವೋ ಎನ್ನುವುದು ಮಾತ್ರ ಅಲ್ಲೇ, ಚೀಟಿ ಎತ್ತಿದ ಮೇಲೆ. ಐದು ನಿಮಿಷದ ಮಾತು. ನಾಲ್ಕನೇ ನಿಮಿಷಕ್ಕೆ ಒಂದು ಸಲ ಗಂಟೆ ಹೊಡೆಯುತ್ತಿದ್ದರು, ಐದಕ್ಕೆ ಎರಡನೇ ಸಲ. ಆಮೇಲೆ ಎದುರು ಪಕ್ಷದವರು ಎದ್ದು ಪ್ರಶ್ನೆ ಕೇಳಬಹುದು. ಬೆಳಗ್ಗೆ ಯಾವುದನ್ನು ನಂಬಿಕೊಂಡು ಎದ್ದೆವೋ ಅದಕ್ಕೆ ಬೆಲೆಯಿಲ್ಲ. ಚೀಟಿಯಲ್ಲಿ ಏನು ಬಂತೋ ಅದೇ ನಮ್ಮ ನಂಬಿಕೆ. ಇಂಥ ಶಿಕ್ಷಣ ಸಿಕ್ಕವಳು ಯಾವುದನ್ನಾದರೂ ನಂಬುವುದು ಹೇಗೆ, ನೀವೇ ಹೇಳಿ.

ನಮ್ಮನ್ನು ತಯಾರು ಮಾಡುತ್ತಿದ್ದವರು ಕನ್ನಡದ ಮೇಷ್ಟ್ರು. ಒಳ್ಳೆಯ ಮನುಷ್ಯ, ಒಳ್ಳೆಯ ಕಂಠ. ಉದಾಹರಣೆಗಳ ಬಗ್ಗೆ ಅವರದೊಂದು ಸಿದ್ಧಾಂತವಿತ್ತು.

"ನೋಡಮ್ಮ, ಉದಾಹರಣೆ ಕೊಡೋದಾದ್ರೆ ಪರದೇಶದ್ದು ಕೊಡು. ಹೆಬ್ಬೂರಿನದು ಕೊಟ್ರೆ ಸಭೇಲಿ ಹೆಬ್ಬೂರಿನೋನು ಒಬ್ಬ ಎದ್ದು ನಿಂತ್ಕೋತಾನೆ. ಡೆನ್ಮಾರ್ಕಿನೋನು ಯಾವನು ಬರ್ತಾನೆ ಗುಬ್ಬಿಗೆ?"

"ಡೆನ್ಮಾರ್ಕಿಂದು ನನಗೆ ಗೊತ್ತಿಲ್ವಲ್ಲ ಸಾರ್."

"ಗೊತ್ತಿರೋದು ಯಾಕೆ ಬೇಕು? ಹೇಳೋ ಧೈರ್ಯ ಇದ್ರೆ ಸಾಕು. ಚರ್ಚೆ ಅಂದ್ರೆ ಕೋರ್ಟಲ್ಲ ಕಣಮ್ಮ, ನಾಟಕ."

ನಾಟಕವನ್ನು ನಾನು ಬೇಗ ಕಲಿತೆ. ಹಿಂದಿನ ವರ್ಷ ಕುಣಿಗಲ್ಲಿನಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಬೇಕೇ ಬೇಡವೇ ಎಂಬ ಚರ್ಚೆಯಿತ್ತು. ಡೆನ್ಮಾರ್ಕಿನ ಒಬ್ಬ ಮುದಿ ಉಪಾಧ್ಯಾಯಿನಿಯನ್ನು ಹುಟ್ಟಿಸಿದೆ. ಅವಳಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಹಿಮ ಬೀಳುವ ಕಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ರೈತರ ಹೆಂಡತಿಯರಿಗೆ ತೂಕ ಅಳತೆ ಕಲಿಸುತ್ತಿದ್ದಳು. ಕಡೆಗೆ ಹಿಮದಲ್ಲೇ ಸತ್ತಳು. ಅವಳನ್ನು ಸಾಯಿಸಿದ್ದು ಎರಡನೇ ಗಂಟೆ ಹೊಡೆಯುವುದಕ್ಕೆ ಸರಿಯಾಗಿ. ಆ ಸ್ಪರ್ಧೆಯ ತೀರ್ಪುಗಾರರಲ್ಲಿ ಕುಣಿಗಲ್ಲಿನ ಒಬ್ಬ ಹಿರಿಯ ಲಾಯರು ಇದ್ದರು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕುಣಿಗಲ್ಲಿನ ರೋಲಿಂಗ್ ಶೀಲ್ಡು ನಮ್ಮ ಸ್ಕೂಲಿನ ಗಾಜಿನ ಬೀರುವಿಗೆ ಬಂತು.

ಇನ್ನು ನಿಜದ ವಿಷಯ.

ನನ್ನ ಸೋದರಮಾವ ಶಿರಾ ಗೇಟ್ ಹತ್ತಿರ ಇದ್ದರು. ಒಬ್ಬ ವಕೀಲರ ಹತ್ತಿರ ಗುಮಾಸ್ತೆ. ಆಫೀಸಿನಲ್ಲಿ ಓದಿ ಬಿಟ್ಟ ಇಂಗ್ಲಿಷ್ ಪೇಪರುಗಳನ್ನು ವಾರಕ್ಕೊಂದು ಸಲ ಮನೆಗೆ ತರುತ್ತಿದ್ದರು. ಅವನ್ನು ಮೊದಲು ಅವರು ಓದಬೇಕು, ಆಮೇಲೆ ನಾನು, ಆಮೇಲೆ ಅತ್ತೆಯ ಅಡುಗೆಮನೆ ಗೂಡು. ಆ ಡಿಸೆಂಬರಿನಲ್ಲಿ ಪೇಪರಿನ ತುಂಬ ಹಾಕಿ. ಮೆಲ್ಬೋರ್ನಿನ ಒಲಿಂಪಿಕ್ಸಿನಲ್ಲಿ ನಮ್ಮವರು ಪಾಕಿಸ್ತಾನವನ್ನು ಒಂದು ಗೋಲಿನಿಂದ ಸೋಲಿಸಿ ಮತ್ತೆ ಚಿನ್ನ ತಂದಿದ್ದರು. ಮಾವ ಆ ಸುದ್ದಿಯನ್ನು ಬೀದಿಯವರಿಗೆಲ್ಲ ತಾವೇ ಆಡಿ ಬಂದವರಂತೆ ಓದಿ ಹೇಳಿದರು. ನಾನು ಹಾಳೆ ತಿರುಗಿಸಿದೆ. ಹಾಕಿ ತಂಡದ ಫೋಟೋದ ಬೆನ್ನಿಗೆ, ಕೆಳಗಡೆ ಮೂಲೆಯಲ್ಲಿ, ಬೆರಳುದ್ದದ ಒಂದು ಸುದ್ದಿ. ಅದೇ ದಿನ, ಅದೇ ಊರು, ವಾಟರ್ ಪೋಲೋ. ನೆಲ ಮುಟ್ಟದೆ ಈಜುತ್ತಾ, ಒಂದೇ ಕೈಯಲ್ಲಿ ಚೆಂಡು ಹಿಡಿದು ಗೋಲಿಗೆ ಎಸೆಯುವ ಆಟ ಅಂತ ಅದರಲ್ಲೇ ಒಂದು ಸಾಲಿತ್ತು.

ಹಂಗೇರಿ ಎಂಬ ದೇಶದ ತಂಡ ರಷ್ಯಾದ ತಂಡದ ಮೇಲೆ ಆಡಿತ್ತು. ಆಟಗಾರರು ಒಲಿಂಪಿಕ್ಸಿಗೆ ಹೊರಟಾಗ ಅವರ ಊರಿನಲ್ಲಿ ರಷ್ಯಾದ ಹಿಡಿತದ ವಿರುದ್ಧ ದಂಗೆ ನಡೆದಿತ್ತು. ಇವರು ಮೆಲ್ಬೋರ್ನ್ ತಲುಪುವ ಹೊತ್ತಿಗೆ ರಷ್ಯಾದ ಟ್ಯಾಂಕುಗಳು ದಂಗೆಯನ್ನು ಅರೆದು ಮುಗಿಸಿದ್ದವು. ಮನೆಯವರು ಬದುಕಿದ್ದಾರೋ ಇಲ್ಲವೋ ತಿಳಿಯದೆ ಅವರು ನೀರಿಗಿಳಿದಿದ್ದರು. ನಾಲ್ಕು ಗೋಲು ಹೊಡೆದರು. ರಷ್ಯಾದವರಿಗೆ ಸೊನ್ನೆ. ಇನ್ನೇನು ಮುಗಿಯಬೇಕು ಅನ್ನುವಾಗ ರಷ್ಯಾದ ಒಬ್ಬ ಹಂಗೇರಿಯ ಒಬ್ಬನ ಮುಖಕ್ಕೆ ಗುದ್ದಿದ. ಕಣ್ಣಿನ ಹತ್ತಿರ ಒಡೆದು ರಕ್ತ ಸುರಿಯಿತು. ನೋಡುತ್ತಿದ್ದ ಜನ ರೊಚ್ಚಿಗೆದ್ದು ಕೊಳದ ಅಂಚಿಗೆ ನುಗ್ಗಿದರು. ಪೊಲೀಸರು ಬಂದರು, ಆಟ ಅಲ್ಲಿಗೇ ನಿಂತಿತು. ಗೆಲುವು ಹಂಗೇರಿಯದು. ಮಾರನೇ ದಿನ ಯುಗೋಸ್ಲಾವಿಯಾದ ಮೇಲೆ ಎರಡು–ಒಂದರಿಂದ ಗೆದ್ದು ಚಿನ್ನವನ್ನೂ ತೆಗೆದುಕೊಂಡರು.

ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಅನುಮಾನ. ಸುಳ್ಳು ಕಟ್ಟುವವಳಿಗೆ ಬೇರೆಯವರ ಸುಳ್ಳಿನ ವಾಸನೆ ಬೇಗ ಹತ್ತುತ್ತದೆ. ಅಟ್ಲಾಸ್ ತೆಗೆದು ನೋಡಿದೆ. ಹಂಗೇರಿಗೆ ಯಾವ ದಿಕ್ಕಿನಲ್ಲೂ ಸಮುದ್ರವಿಲ್ಲ. ಸಮುದ್ರವಿಲ್ಲದವರು ನೀರಿನಾಟದಲ್ಲಿ ಗೆಲ್ಲುವುದೆಂದರೇನು? ಅದೂ ಮೊದಲನೇ ಸಲ ಅಲ್ಲವಂತೆ. ಮೂವತ್ತೆರಡರಲ್ಲಿ ಚಿನ್ನ, ಮೂವತ್ತಾರರಲ್ಲಿ ಚಿನ್ನ, ಯುದ್ಧದ ನಂತರ ನಲವತ್ತೆಂಟರಲ್ಲಿ ಬೆಳ್ಳಿ, ಐವತ್ತೆರಡರಲ್ಲಿ ಮತ್ತೆ ಚಿನ್ನ. ಇದನ್ನೆಲ್ಲ ಎರಡು ಸಾಲಿನಲ್ಲಿ ಹೇಳಿ, ಪಕ್ಕದಲ್ಲೇ ತಲೆನೋವಿನ ಮಾತ್ರೆಯ ಜಾಹೀರಾತು ಹಾಕಿದ್ದರು.

ಸಂಕ್ರಾಂತಿಗೆ ಹಾಗಲವಾಡಿಯ ಅಜ್ಜಿ ಮನೆಗೆ ಹೋದಾಗ ಪರೀಕ್ಷೆ ಮಾಡಿಯೇಬಿಟ್ಟೆ. ತೋಟದ ಬಾವಿಯಲ್ಲಿ ಚಿಕ್ಕಪ್ಪನ ಮಗ ಮತ್ತು ಅವನ ಜೊತೆಗಾರರು ಈಜುತ್ತಿದ್ದರು. ಮಟ್ಟೆ ಸಮೇತ ಒಣಗಿದ ಒಂದು ತೆಂಗಿನಕಾಯಿಯನ್ನು ಮೇಲಿನಿಂದ ಎಸೆದೆ. ಅದು ತೇಲಿತು.

"ನೆಲ ಮುಟ್ಟಂಗಿಲ್ಲ, ಮೆಟ್ಲು ಹಿಡಿಯಂಗಿಲ್ಲ. ಒಂದೇ ಕೈಲಿ ಹಿಡಿದು ಒಂದೇ ಕೈಲಿ ಎಸೀಬೇಕು. ಎದುರಿನೋರು ತಡೀಬೋದು" ಅಂದೆ.

"ತಡೆಯೋದು ಅಂದ್ರೆ?"

"ಮೇಲೆ ಬೀಳೋದು."

"ಅಂಗಾದ್ರೆ ಆಡಾಣ ಬುಡಕ್ಕ" ಅಂದ ಚಿಕ್ಕಪ್ಪನ ಮಗ. ಬಾವಿ ಅಂದರೆ ಅವನಿಗೆ ಅಂಗಳವಿದ್ದಂತೆ. ಎತ್ತರದ ಕಲ್ಲಿನಿಂದ ತಲೆಕೆಳಗಾಗಿ ಧುಮುಕುವವನು.

ಸ್ವಲ್ಪ ಹೊತ್ತಿಗೇ ಒಬ್ಬ ಮೆಟ್ಟಿಲು ಹಿಡಿದು ಕೆಮ್ಮುತ್ತಿದ್ದ. ಇನ್ನೊಬ್ಬ ಕಾಯಿಗೆ ಕೈ ಎತ್ತಿದ್ದೇ ತಾನೇ ಮುಳುಗಿದ. ಚಿಕ್ಕಪ್ಪನ ಮಗ ಎರಡು ಸಲ ಎಸೆದು, ಮೂರನೇ ಸಲಕ್ಕೆ ನೀರು ಕುಡಿದು, ಮೇಲಕ್ಕೆ ಬಂದು ಕಲ್ಲಿನ ಮೇಲೆ ಅಂಗಾತ ಬಿದ್ದುಕೊಂಡ.

"ಯಾವನ್ಲಾ ಅವ್ನು, ಈ ಆಟ ಕಂಡಿಡಿದೋನು" ಅಂತ ಕೆಳಗಿನಿಂದ ಒಬ್ಬ ಕೂಗಿದ.

"ಅಕ್ಕಾ, ಇದು ಆಟ ಅಲ್ಲ ಕಣಕ್ಕ. ಯಾರೋ ಕೊಟ್ಟಿರೋ ಶಿಕ್ಷೆ" ಅಂದ ಚಿಕ್ಕಪ್ಪನ ಮಗ. "ನಾಕು ಹೊಡುದ್ರಾ? ಒದೆ ಬೇರೆ ತಿಂದ್ಕೊಂಡಾ?"

ಆ ಕಲ್ಲಿನ ಮೇಲೆ ನಿಂತಾಗ ನನಗೆ ಆ ಸುದ್ದಿಯ ತೂಕ ಗೊತ್ತಾಯಿತು. ಅಲ್ಲಿಯವರೆಗೆ ಯಾವ ಉದಾಹರಣೆಯನ್ನೂ ನಾನು ಪರೀಕ್ಷಿಸಿರಲಿಲ್ಲ. ಪರೀಕ್ಷಿಸಲು ಯಾವುದೂ ಇರಲೇ ಇಲ್ಲವಲ್ಲ.

ಗುಬ್ಬಿಯ ಚರ್ಚಾಸ್ಪರ್ಧೆ ಬಂದದ್ದು ಜನವರಿ ಕೊನೆಗೆ. ಅಲ್ಲಿ ಆಯ್ಕೆಯಾದವರು ತುಮಕೂರಿನ ಜಿಲ್ಲಾ ಸ್ಪರ್ಧೆಗೆ, ಅಲ್ಲಿ ಗೆದ್ದವರು ಮೈಸೂರಿಗೆ. ನನಗೆ ಮೈಸೂರು ಬೇಕಾಗಿತ್ತು. ಮುಚ್ಚಿಡುವುದೇನೂ ಇಲ್ಲ, ಆ ವರ್ಷವೆಲ್ಲ ನನಗೆ ಬೇಕಾಗಿದ್ದು ಅದೊಂದೇ. ಮೇಷ್ಟ್ರ ಜೊತೆ, ಸ್ಕೂಲಿನ ಆಯಾಳನ್ನು ಕಾವಲಿಗೆ ಕಟ್ಟಿಕೊಂಡು, ರೈಲಿನಲ್ಲಿ ಗುಬ್ಬಿಗೆ ಹೋದೆ. ವಿಷಯ: ಬಲಶಾಲಿಯ ಎದುರು ಬಲಹೀನನ ಹಟ ಅವಿವೇಕ. ಚೀಟಿಯಲ್ಲಿ ನನಗೆ ವಿರೋಧ ಬಂತು. ಮೊದಲ ಬಾರಿಗೆ ಚೀಟಿಯೂ ನಾನೂ ಒಂದೇ ಕಡೆ ಇದ್ದೆವು.

ಐದು ನಿಮಿಷದಲ್ಲಿ ಮೂರು ನಿಮಿಷ ಆ ಆಟಕ್ಕೇ ಕೊಟ್ಟೆ. ನಾಲ್ಕು ಗೋಲು, ರಕ್ತ, ಪೊಲೀಸು, ಅರ್ಧಕ್ಕೆ ನಿಂತ ಆಟ, ಮಾರನೇ ದಿನದ ಎರಡು–ಒಂದು, ಹಿಂದಿನ ಚಿನ್ನಗಳು, ಎಲ್ಲ ಹೇಳಿದೆ. ಹಿಂದಿನ ಬೆಂಚಿನವರೂ ಕತ್ತು ಚಾಚಿ ಕೇಳುತ್ತಿದ್ದರು. ಹಿಡಿದಿಟ್ಟೆ ಅಂದುಕೊಂಡೆ.

ಪ್ರಶ್ನೆಯ ಸರದಿ ಬಂತು. ಕುಣಿಗಲ್ಲಿನ ಸ್ಕೂಲೊಂದರ ಹುಡುಗ ಎದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದ.

"ಅಧ್ಯಕ್ಷರೇ, ನಮ್ಮೂರಲ್ಲಿ ಕುದುರೆ ಫಾರಂ ಇದೆ. ಪೋಲೋ ಆಟಾನ ಕುದುರೆ ಮೇಲೆ ಕೂತು ಆಡ್ತಾರೆ ಅನ್ನೋದು ನಮ್ಮೂರಲ್ಲಿ ಹುಲ್ಲು ಹೊರೋರಿಗೂ ಗೊತ್ತು. ಗೆಳತಿಯವರು ಕುದುರೇನ ನೀರಿಗಿಳಿಸಿದಾರೆ. ಸಂತೋಷ. ಆ ಕುದುರೆಗಳಿಗೆ ಈಜು ಕಲಿಸಿದೋರು ಯಾರು ಅಂತ ದಯವಿಟ್ಟು ತಿಳಿಸಬೇಕು."

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಉತ್ತರ ಕೊಟ್ಟೆ. ಹೆಸರಷ್ಟೇ ಪೋಲೋ, ಕುದುರೆ ಇಲ್ಲ, ಮನುಷ್ಯರೇ ಈಜುತ್ತಾ ಚೆಂಡಾಡುತ್ತಾರೆ ಅಂದೆ. ಅವನು ಕೂರಲಿಲ್ಲ.

"ಕುದುರೆ ಬಿಡಿ. ಆ ದೇಶಕ್ಕೆ ಸಮುದ್ರ ಎಲ್ಲಿದೆ?"

"ಇಲ್ಲ."

"ಸಮುದ್ರ ಇಲ್ಲದೋರು ನೀರಾಟದಲ್ಲಿ ನಾಲ್ಕು ಸಲ ಚಿನ್ನ ಗೆದ್ರು. ಅದರಲ್ಲೂ ಟ್ಯಾಂಕ್ ಕಳಿಸಿದ ದೇಶದ ಮೇಲೇ ನಾಲ್ಕು ಗೋಲು ಹೊಡೆದ್ರು. ಅದೂ ಅದೇ ತಿಂಗಳ ಆಚೀಚೆ. ಇಷ್ಟು ಅನುಕೂಲವಾಗಿ ಪ್ರಪಂಚ ನಡೆಯುತ್ತಾ ಅಧ್ಯಕ್ಷರೇ?"

ಒಳ್ಳೆಯ ಪ್ರಶ್ನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮಧ್ಯದ ಕುರ್ಚಿಯಲ್ಲಿ ಅದೇ ಕುಣಿಗಲ್ಲಿನ ಲಾಯರು ಕೂತಿದ್ದರು. ಜಿಲ್ಲೆಯ ಚರ್ಚಾ ಸಮಿತಿಗೆ ಆ ವರ್ಷ ಅವರೇ ಅಧ್ಯಕ್ಷರು. ಆಧಾರವೇನು ಅಂತ ಕೇಳಿದರು. ಪೇಪರ್ ಅಂದೆ. ತಂದಿದ್ದೀಯಾ ಅಂದರು. ಇಲ್ಲ ಅಂದೆ. ಅಲ್ಲಿಯತನಕ ಯಾರೂ ನನ್ನನ್ನು ಏನನ್ನೂ ತರಲು ಹೇಳಿರಲಿಲ್ಲ.

"ಈ ವಿದ್ಯಾರ್ಥಿನಿ ಸೊಗಸಾಗಿ ಮಾತಾಡಿದಳು" ಅಂತ ಅವರು ತೀರ್ಪು ಹೇಳುವಾಗ ಅಂದರು. "ಆದರೆ ಕಟ್ಟುಕತೆಯನ್ನ ಆಧಾರ ಅಂತ ಒಪ್ಪೋಕಾಗಲ್ಲ."

ನಾಲ್ಕು ದಿನಕ್ಕೆ ಸ್ಕೂಲಿಗೆ ಕಾಗದ ಬಂತು. ಸಭೆಯ ಮುಂದೆ ಸುಳ್ಳು ಉದಾಹರಣೆ ಕೊಟ್ಟದ್ದಕ್ಕೆ ಕ್ಷಮಾಪಣೆ ಬರೆದುಕೊಟ್ಟರೆ ಜಿಲ್ಲಾ ಸ್ಪರ್ಧೆಗೆ ಹೆಸರು ಇರುತ್ತದೆ, ಇಲ್ಲವಾದರೆ ಇಲ್ಲ. ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿನ ಬಾಗಿಲಿಗೆ ಕರೆದು ಒಂದು ಬಿಳಿ ಹಾಳೆ ಕೊಟ್ಟರು.

"ಎರಡು ಸಾಲು ಬರಿ. ತಪ್ಪಾಯ್ತು, ಇನ್ಮೇಲೆ ಹಿಂಗೆ ಮಾಡಲ್ಲ. ಮುಗೀತು."

"ಅದು ನಿಜ ಸಾರ್."

ಮೇಷ್ಟ್ರು ನಕ್ಕರು. ಸಿಟ್ಟಿನ ನಗೆಯಲ್ಲ, ಮೆಚ್ಚಿಕೆಯದು. ಅದೇ ನನ್ನನ್ನು ಸುಟ್ಟಿದ್ದು.

"ನನ್ನ ಹತ್ರ ಬೇಡ ಕಣಮ್ಮ. ಚೆನ್ನಾಗಿ ಕಟ್ಟಿದ್ದೆ, ನಿಜವಾಗ್ಲೂ. ರಕ್ತ ಬಂದಿದ್ದು ಅಂತೂ ಬಹಳ ಚೆನ್ನಾಗಿತ್ತು. ಆದ್ರೆ ಸ್ವಲ್ಪ ಜಾಸ್ತಿ ಆಯ್ತು. ಒಂದು ಚಿನ್ನ ಸಾಕಾಗಿತ್ತು, ನಾಲ್ಕು ಯಾಕೆ ಹಾಕ್ದೆ?"

"ನಾನು ಹಾಕ್ಲಿಲ್ಲ ಸಾರ್. ಅವರು ಗೆದ್ರು."

"ಸರಿ ಬಿಡು. ಗೆದ್ರು. ಬರಿ ಈಗ."

ಬರೆಯಲಿಲ್ಲ. ಪೇಪರ್ ತಂದು ತೋರಿಸುತ್ತೇನೆ ಅಂದೆ. ಸಂಜೆ ನೇರವಾಗಿ ಶಿರಾ ಗೇಟಿಗೆ ಹೋದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಡಿಸೆಂಬರಿನ ಪೇಪರುಗಳು ಎಲ್ಲಿ ಅಂತ ಕೇಳಿದರೆ ಗೋಡೆ ತೋರಿಸಿದರು. ಹಾಕಿ ತಂಡದ ಫೋಟೋವನ್ನು ಮಾವ ಕತ್ತರಿಸಿ, ಮೈದಾ ಅಂಟು ಕಾಯಿಸಿ, ನಡುಮನೆಯ ಗೋಡೆಗೆ ಮೆತ್ತಿಬಿಟ್ಟಿದ್ದರು. ಅದರ ಬೆನ್ನಿಗಿದ್ದ ನನ್ನ ಬೆರಳುದ್ದದ ಸುದ್ದಿ ಸುಣ್ಣದ ಗೋಡೆಗೆ ಮುಖ ಹಾಕಿಕೊಂಡಿತ್ತು.

ಒದ್ದೆ ಬಟ್ಟೆ ತಂದು ಅಂಚಿನಿಂದ ನೆನೆಸಿ ಮೆಲ್ಲಗೆ ಎಬ್ಬಿಸತೊಡಗಿದೆ. ಮಾವ ಕಚೇರಿಯಿಂದ ಬಂದವರು ಬಾಗಿಲಲ್ಲೇ ನಿಂತರು.

"ಏನೇ ಮಾಡ್ತಿದೀಯ?"

"ಹಿಂದುಗಡೆ ಇರೋದು ಬೇಕು ಮಾವ."

"ಚಿನ್ನ ಗೆದ್ದೋರನ್ನ ಗೋಡೆಯಿಂದ ಕೀಳ್ತಾ ಇದೀಯಲ್ಲೇ. ನಿನಗೆ ದೇಶ ಅನ್ನೋದು ಬೇಡ್ವಾ?"

"ನಮ್ಮೋರು ಗೆದ್ದಿದ್ದನ್ನ ಕಿತ್ತು, ಯಾರೋ ಗೆದ್ದಿದ್ದನ್ನ ಹುಡುಕ್ತಾ ಅವ್ಳೆ" ಅಂದರು ಅತ್ತೆ, ಅಕ್ಕಿಯಿಂದ ತಲೆಯೆತ್ತದೆ.

ಹಾಕಿ ತಂಡ ಅಂತೂ ಬಂತು, ನಾಯಕನ ಒಂದು ಕಾಲು ಗೋಡೆಯಲ್ಲೇ ಉಳಿಯಿತು. ಹಾಳೆ ತಿರುಗಿಸಿದೆ. ಬೆನ್ನಿನ ತುಂಬ ಸುಣ್ಣ, ಮೈದಾ, ಅದರ ಕೆಳಗೆ ಕಪ್ಪು ಮಸಿಯ ಕಲೆ. ಒಂದು ಅಕ್ಷರವನ್ನೂ ಓದಲಾಗಲಿಲ್ಲ. ಮಾವ ಮೂರು ದಿನ ನನ್ನೊಂದಿಗೆ ಮಾತು ಬಿಟ್ಟರು. ನನಗಾಗಿ ಆ ಸುದ್ದಿ ಓದಿದ ನೆನಪಿದೆ ಅಂತ ಸಾಕ್ಷಿ ಹೇಳುತ್ತೀರಾ ಅಂದರೆ, ಅವರು ಆ ಹಾಳೆಯ ಹಿಂಬದಿಯನ್ನು ನೋಡಿಯೇ ಇರಲಿಲ್ಲ. ವಾಚನಾಲಯದಲ್ಲಿ ಹೋದ ವರ್ಷದ ಕಟ್ಟನ್ನು ಆಗಲೇ ರದ್ದಿಗೆ ಹಾಕಿದ್ದರು. ಪತ್ರಿಕೆಯ ಕಚೇರಿಗೆ ಕಾರ್ಡು ಬರೆದೆ. ಉತ್ತರ ಬರಲಿಲ್ಲ.

ಸಮಿತಿಯ ಮುಂದೆ ಹೋಗುವ ದಿನ ಬಂದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಕೋಣೆ. ಲಾಯರು, ಹೆಡ್‌ಮಿಸ್ಟ್ರೆಸ್, ಮೇಷ್ಟ್ರು ಕೂತಿದ್ದರು. ನಾನು ನಿಂತಿದ್ದೆ. ಮೇಜಿನ ಮೇಲೆ ಅದೇ ಬಿಳಿ ಹಾಳೆ, ಪಕ್ಕದಲ್ಲಿ ಮಸಿಕುಡಿಕೆ.

"ಏನಮ್ಮ, ಪೇಪರ್ ಸಿಕ್ತಾ?" ಅಂದರು ಲಾಯರು.

"ಇಲ್ಲ ಸಾರ್."

"ಹಂಗಿದ್ರೆ ಬರೆದುಬಿಡು. ನಮಗೂ ನಿನ್ನನ್ನ ಬಿಡೋಕೆ ಮನಸ್ಸಿಲ್ಲ. ಜಿಲ್ಲೇಲಿ ನಿನ್ನಂಗೆ ಮಾತಾಡೋರು ಇಲ್ಲ."

"ಬರೆದ್ರೆ ಅದೇ ಸುಳ್ಳಾಗುತ್ತೆ ಸಾರ್."

"ಇದುವರೆಗೂ ನಮ್ಮ ಸ್ಕೂಲಿನ ಹುಡುಗಿಯರು ವೇದಿಕೆ ಮೇಲೆ ಒಂದು ಸುಳ್ಳೂ ಹೇಳಿದೋರಲ್ಲ" ಅಂದರು ಹೆಡ್‌ಮಿಸ್ಟ್ರೆಸ್. ನನ್ನನ್ನು ಉಳಿಸಲೆಂದೇ ಹೇಳಿದ್ದು. "ಏನೋ ತಪ್ಪು ತಿಳುವಳಿಕೆ ಆಗಿದೆ. ಹಾಗಂತಲೇ ಬರೀಲಿ ಬೇಕಾದ್ರೆ. ತಪ್ಪಾಗಿ ಓದಿದೆ ಅಂತ."

ಅದು ಒಳ್ಳೆಯ ದಾರಿಯಾಗಿತ್ತು. ಮೈಸೂರಿಗೆ ಹೋಗುವ ದಾರಿ. ತಪ್ಪಾಗಿ ಓದಿದೆ ಅಂತ ಬರೆದರೆ ಯಾರಿಗೂ ನಷ್ಟವಿಲ್ಲ, ಹಂಗೇರಿಯವರಂತೂ ತುಮಕೂರಿಗೆ ಬಂದು ಕೇಳುವುದಿಲ್ಲ. ಕೈ ಮೇಜಿನ ತನಕ ಹೋಯಿತು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಹಟಮಾರಿಗಳಿಗೆ ಕೈ ಹೋಗುವುದೇ ಇಲ್ಲ ಅಂತ ಜನ ತಿಳಿಯುತ್ತಾರೆ. ಹೋಗುತ್ತದೆ. ಆದರೆ ಹೆಡ್‌ಮಿಸ್ಟ್ರೆಸ್ ಹೇಳಿದ ಆ ಮಾತು ಕಿವಿಯಲ್ಲೇ ಕೂತಿತ್ತು. ವೇದಿಕೆ ಮೇಲೆ ಒಂದು ಸುಳ್ಳೂ ಹೇಳಿದವಳಲ್ಲ. ನನ್ನ ನಿಜವನ್ನು ಸುಳ್ಳು ಅಂತ ಬರೆಸಿ, ನನ್ನ ಸುಳ್ಳುಗಳನ್ನು ನಿಜ ಅಂತ ಬೀರುವಿನಲ್ಲಿ ಇಟ್ಟುಕೊಂಡು, ಮೇಲೆ ಈ ಸರ್ಟಿಫಿಕೇಟು.

"ಸಾರ್, ಆಧಾರ ಇಲ್ಲ. ಒಂದು ವಾದ ಇದೆ. ಹೇಳಬಹುದಾ?"

"ಹೇಳು."

"ನಾನು ಸುಳ್ಳು ಕಟ್ಟಿದ್ರೆ ಹೇಗಿರುತ್ತೆ ಅಂತ ತಮಗೆ ಗೊತ್ತು. ಹೋದ ವರ್ಷ ಕೇಳಿದೀರಿ. ಡೆನ್ಮಾರ್ಕಿನ ಟೀಚರು."

ಲಾಯರು ತಕ್ಷಣ ಅರ್ಥ ಮಾಡಿಕೊಳ್ಳಲಿಲ್ಲ. ಮೇಷ್ಟ್ರು ಮಾಡಿಕೊಂಡರು. ಅವರ ಕಣ್ಣು ನೆಲಕ್ಕಿಳಿಯಿತು.

"ಅವಳು ಇಲ್ಲ ಸಾರ್. ನಾನು ಕಟ್ಟಿದ್ದು. ಒಂದು ಕಣ್ಣು ಕಾಣಲ್ಲ ಅಂತ ಹಾಕಿದ್ದು ನಾನು, ಹಿಮದಲ್ಲಿ ಸಾಯಿಸಿದ್ದು ನಾನು. ಎರಡನೇ ಗಂಟೆಗೆ ಸರಿಯಾಗಿ ಸತ್ತಳು, ನೆನಪಿದೆಯಾ? ಅದಕ್ಕೂ ಮುಂಚೆ ಇದೇ ಊರಲ್ಲಿ ಒಬ್ಬ ಜರ್ಮನ್ ಪ್ರೊಫೆಸರು. ಅವನೂ ಇಲ್ಲ. ನನ್ನ ಸುಳ್ಳುಗಳು ಅಚ್ಚುಕಟ್ಟಾಗಿರ್ತವೆ ಸಾರ್. ಐದು ನಿಮಿಷಕ್ಕೆ ಮುಗೀತವೆ. ಈ ಆಟ ನೋಡಿ. ಇದು ಮುಗಿಯೋದೇ ಇಲ್ಲ. ಪೊಲೀಸು ಬಂದು ಅರ್ಧಕ್ಕೆ ನಿಲ್ಲುತ್ತೆ. ಕಟ್ಟೋಳು ನಾನಾಗಿದ್ರೆ ಏಟು ತಿಂದೋನ ಕೈಲೇ ಕೊನೇ ಗೋಲು ಹೊಡೆಸ್ತಿದ್ದೆ. ಚಿನ್ನದ ಆಟಾನ ರಷ್ಯಾದ ಮೇಲೇ ಇಡ್ತಿದ್ದೆ. ಮಾರನೇ ದಿನ ಬೇರೆ ಯಾವುದೋ ದೇಶದ ಮೇಲೆ, ಎರಡು–ಒಂದರಲ್ಲಿ, ತಿಣುಕಿ ತಿಣುಕಿ ಗೆಲ್ಲಿಸ್ತಿರಲಿಲ್ಲ. ಸಮುದ್ರ ಇಲ್ಲದ ದೇಶಾನ ಆರಿಸ್ಕೋತಾನೂ ಇರಲಿಲ್ಲ. ನನಗೆ ಅನುಕೂಲ ಇಲ್ಲದ್ದು ಇಷ್ಟೊಂದಿದೆ ಅಂದ್ರೆ ಅದನ್ನ ನಾನು ಕಟ್ಟಿಲ್ಲ."

ಲಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ಕಣ್ಣೊರೆಸಲಿಲ್ಲ.

"ಆ ಟೀಚರ ವಿಷಯಾನ ನಾನು ಮನೇಲಿ ನನ್ನ ಮೊಮ್ಮಗಳಿಗೆ ಹೇಳಿದೀನಿ" ಅಂದರು.

"ತಪ್ಪಾಯ್ತು ಸಾರ್. ಅದಕ್ಕೆ ಕ್ಷಮಾಪಣೆ ಬೇಕಾದ್ರೆ ಈಗ್ಲೇ ಬರೆದುಕೊಡ್ತೀನಿ. ಗುಬ್ಬೀದಕ್ಕೆ ಬರೆಯಲ್ಲ."

"ಇದನ್ನೆಲ್ಲ ನಿನಗೆ ಯಾರಮ್ಮ ಹೇಳಿಕೊಟ್ಟೋರು?"

ನಾನು ಮೇಷ್ಟ್ರ ಕಡೆ ನೋಡಲಿಲ್ಲ. "ಯಾರೂ ಇಲ್ಲ" ಅಂದೆ. ಕೊನೆಗೂ ಒಂದು ಸುಳ್ಳು ಹೇಳಿಯೇ ಆ ಕೋಣೆಯಿಂದ ಬಂದೆ ಅಂತ ನೀವು ಹಿಡಿಯಬಹುದು, ಹಿಡಿಯಿರಿ. ಮೇಷ್ಟ್ರು ಒಂದು ಮಾತು ಆಡಬಹುದಾಗಿತ್ತು. ಆಡಲಿಲ್ಲ. ಅವರನ್ನು ದೂರುವುದಿಲ್ಲ ಅಂತ ಇಲ್ಲಿ ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ದೂರುತ್ತೇನೆ.

ಲಾಯರು ಗುಬ್ಬಿಯ ದಾಖಲೆ ಪುಸ್ತಕವನ್ನು ತೆಗೆದರು. ನನ್ನ ಹೆಸರಿನ ಮುಂದೆ ಸುಳ್ಳು ಉದಾಹರಣೆ ಅಂತ ಬರೆದಿದ್ದ ಸಾಲನ್ನು ಒಂದು ಗೆರೆ ಎಳೆದು ಹೊಡೆದುಹಾಕಿದರು, ಪಕ್ಕದಲ್ಲಿ ರುಜು ಹಾಕಿದರು.

"ನಂಬ್ತೀನಮ್ಮ. ಈಗ ನಂಬ್ತೀನಿ. ನಂಬಿದ್ದಕ್ಕೇ ನಿನ್ನನ್ನ ಜಿಲ್ಲೆಗೆ ಬಿಡೋಕಾಗಲ್ಲ. ಗುಬ್ಬೀದು ನಿಜ ಆದ್ರೆ ಕುಣಿಗಲ್ಲಿಂದು ಸುಳ್ಳು. ಎರಡೂ ನಿನ್ನ ಬಾಯಿಂದಲೇ ಬಂತು. ಶೀಲ್ಡು ವಾಪಸ್ ಬರಬೇಕು."

"ತಂದುಕೊಡ್ತೀನಿ ಸಾರ್" ಅಂದೆ.

ಮೈಸೂರು ಹೋಯಿತು. ಆಮೇಲೆ ನಾನು ಮೈಸೂರು ನೋಡಿದ್ದು ಬಿ.ಎ. ಓದುವಾಗ, ಅದೂ ಪರೀಕ್ಷೆಯ ಕೆಲಸಕ್ಕೆ, ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಆ ಸಂಜೆ ಮಾತ್ರ ಅಟ್ಲಾಸಿನಲ್ಲಿ ಮೈಸೂರಿನ ಹಾಳೆ ತೆಗೆದು ನೋಡುತ್ತಾ ಕೂತೆ. ಒಂದು ಕಡೆ ಹಾಗಾದರೆ, ಆ ಒಂದು ಗೆರೆಯನ್ನು ನೆನೆಸಿಕೊಂಡು ಎದೆಯುಬ್ಬಿಸಿ ನಡೆದದ್ದೂ ನಿಜ. ಎರಡೂ ಒಟ್ಟಿಗೇ ಆಯಿತು. ಯಾವುದು ಹೆಚ್ಚು ಅಂತ ತೀರ್ಪು ಕೊಡಲು ನನಗೆ ಇವತ್ತಿಗೂ ಆಗಿಲ್ಲ.

ಹಂಗೇರಿಯ ಆ ತಂಡ ರೋಮಿನ ಒಲಿಂಪಿಕ್ಸಿನಲ್ಲಿ ಮೂರನೆಯದಾಯಿತು. ಕಳೆದ ವರ್ಷ ಟೋಕಿಯೋದಲ್ಲಿ ಮತ್ತೆ ಚಿನ್ನ ಗೆದ್ದಿತು. ಈಗ ಯಾರು ಬೇಕಾದರೂ ಪುಸ್ತಕ ತೆಗೆದು ನೋಡಬಹುದು. ಆದರೆ ಪುಸ್ತಕ ಬಂದ ಮೇಲೆ ನಂಬುವವರ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ.

ಶೀಲ್ಡು ಕೊಡಲು ಒಬ್ಬಳೇ ಹೋಗುತ್ತೇನೆ ಅಂದೆ. ಬೇಡ ಅಂದರು, ಹೋದೆ. ಮರದ ಹಲಗೆ, ಮೇಲೆ ಬೆಳ್ಳಿ ಬಣ್ಣದ ತಗಡು. ಕುಣಿಗಲ್ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರೆ ಮುಂದಿನ ಸೀಟಿನವರ ಬೆನ್ನಿಗೆ ತಾಗುತ್ತಿತ್ತು. ಮುಚ್ಚಲು ಬಟ್ಟೆ ಕೊಟ್ಟಿದ್ದರು. ನಾನು ಮುಚ್ಚಲಿಲ್ಲ. ಪಕ್ಕದಲ್ಲಿ ಕೊತ್ತಗೆರೆಯ ಒಬ್ಬಾಕೆ ಕೂತಿದ್ದರು. ತುಮಕೂರಿನಲ್ಲಿ ಹೂ ಮಾರಿ ಖಾಲಿ ಬುಟ್ಟಿಯೊಂದಿಗೆ ಊರಿಗೆ ಹೋಗುತ್ತಿದ್ದವರು.

"ಏನ್ ಗೆದ್ಯವ್ವ?" ಅಂದರು.

"ಗೆದ್ದಿಲ್ಲ. ವಾಪಸ್ ಕೊಡೋಕೆ ಹೋಗ್ತಾ ಇದೀನಿ."

"ಯಾಕೆ, ಕಿತ್ಕೊಂಡ್ರಾ?"

"ನಾನೇ ಕೊಡ್ತಿದೀನಿ."

"ಅದೇನ್ ಸಮಾಚಾರ, ಏಳು ನೋಡನ."

ಹೇಳಿದೆ. ಚೀಟಿ ಇಲ್ಲ, ಗಂಟೆ ಇಲ್ಲ, ಅಂಕ ಇಲ್ಲ. ಊರಲ್ಲಿ ಟ್ಯಾಂಕು ನುಗ್ಗಿದ್ದು, ಇವರು ದೂರದ ದೇಶದಲ್ಲಿ ನೀರಿಗಿಳಿದದ್ದು, ನೆಲ ಸಿಗದ ನೀರಿನಲ್ಲಿ ಒಂದೇ ಕೈಯಲ್ಲಿ ಚೆಂಡು ಎಸೆಯುವುದು, ನಾಲ್ಕು ಗೋಲು, ಏಟು. ಆಕೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. ಕುದುರೆಯ ವಿಷಯ ಕೇಳಲಿಲ್ಲ. ಸಮುದ್ರದ ವಿಷಯ ಕೇಳಲಿಲ್ಲ. ನಿಜವೇ ಅಂತಲೂ ಕೇಳಲಿಲ್ಲ.

"ಒಡದ್ನಾ ಮಕಕ್ಕೆ? ಆಮ್ಯಾಕೆ?"

"ಆಮೇಲೆ ಆಟ ನಿಲ್ಲಿಸಿದ್ರು. ಇವರೇ ಗೆದ್ರು ಅಂದ್ರು. ಮಾರನೇ ದಿನ ಚಿನ್ನಾನೂ ಗೆದ್ರು."

ಆಕೆ ಎಲೆಯನ್ನು ಮಡಿಸಿ ಬಾಯಿಗೆ ಹಾಕಿಕೊಂಡರು.

"ಅಂಗಾದ್ರೆ ಅವ್ರೂರು ಅವ್ರಿಗೆ ವಾಪಸ್ ಬಂತಾ?"

ಗುಬ್ಬಿಯ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ. ಕುಣಿಗಲ್ಲಿನ ಹುಡುಗ ಇದನ್ನು ಕೇಳಿದ್ದರೆ ನಾನು ಅಲ್ಲೇ ಸೋಲುತ್ತಿದ್ದೆ. ಬಂತು ಅಂತ ಹೇಳಿದರೆ ಆಕೆ ನಂಬುತ್ತಿದ್ದರು. ಹೇಳಲು ನಾಲಿಗೆಗೆ ಅಭ್ಯಾಸವೂ ಇತ್ತು.

"ಇಲ್ಲ" ಅಂದೆ. "ಬರಲಿಲ್ಲ. ಅವರಲ್ಲಿ ಕೆಲವರು ಊರಿಗೇ ಹೋಗಲಿಲ್ವಂತೆ."

"ಮತ್ತ್ಯಾಕವ್ವ ಅಷ್ಟು ಬಡ್ಕೊಂಡ್ರು?"

"ಆವತ್ತು ನೀರಲ್ಲಿ ಇದ್ದದ್ದು ಏಳು ಜನಕ್ಕೆ ಏಳೇ ಜನ. ಅಲ್ಲಿಗೆ ಟ್ಯಾಂಕ್ ತರಂಗಿರಲಿಲ್ಲ."

ಆಕೆ ನನ್ನ ಮುಖ ನೋಡಿದರು, ಶೀಲ್ಡು ನೋಡಿದರು. ಕುಣಿಗಲ್ ಕೆರೆ ಏರಿ ಕಾಣಿಸಿತು, ಕಂಡಕ್ಟರ್ ಇಳಿಯೋರು ಮುಂದೆ ಬನ್ನಿ ಅಂತ ಕೂಗಿದ. ನಾನು ಏಳುವಾಗ ಆಕೆ ತಮ್ಮ ಬುಟ್ಟಿಯನ್ನು ಕಾಲ ಕೆಳಗೆ ಸರಿಸಿ ದಾರಿ ಮಾಡಿಕೊಟ್ಟರು. ಶೀಲ್ಡನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಇಳಿದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಯಾರೋ ಗೆದ್ದು ಬಂದಳು ಅಂದುಕೊಂಡು ಚಪ್ಪಾಳೆ ತಟ್ಟಿದರು. ತಿದ್ದಲು ನಿಲ್ಲಲಿಲ್ಲ. ಲಾಯರ ಮನೆ ಯಾವುದು ಅಂತ ಕೇಳಿಕೊಂಡು ಆ ಕಡೆ ನಡೆದೆ.